ಫೋನಿನವರೂ ಸರ್ವರಿನವರೂ ಒಂದೇ ಕೆಲಸ ಕಲಿತಾಗ

ಅಮೆರಿಕದ ಡಲ್ಲಾಸ್ ನಗರದ ಗೋರ್ಡನ್ ಮ್ಯಾಥ್ಯೂಸ್ 1979ರಲ್ಲಿ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಫೋನಿನಲ್ಲಿ ಬಂದ ಮಾತನ್ನು ಅಂಕಿಗಳಾಗಿಸಿ ಡಿಸ್ಕಿನಲ್ಲಿ ಕೂಡಿಟ್ಟು, ಬಿಡುವಾದಾಗ ಕೇಳಿಸುವ ವಾಯ್ಸ್‌ಮೇಲ್ ಯಂತ್ರ ಅದು. ಪೇಟೆಂಟ್ ದೊರೆತದ್ದು 1983ರಲ್ಲಿ. ಅವರ ಕಂಪನಿಯ ಮೊದಲ ಗ್ರಾಹಕ 3ಎಂ. ಮೊದಲ ಸ್ವಾಗತದ ಮಾತಿಗೆ ದನಿ ಕೊಟ್ಟವರು ಅವರ ಪತ್ನಿ ಮೋನಿಕಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳಿಗೆ ಮನೆಯವರ ಮಾತು ತಲುಪಿಸಲು ಐಬಿಎಂ ಇಂಥದ್ದೇ ವ್ಯವಸ್ಥೆ ನಡೆಸಿತು.

ಇಮೇಲ್ ಅಷ್ಟರೊಳಗೆ ತನ್ನದೇ ದಾರಿ ಹಿಡಿದಿತ್ತು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದ ಮೇಲೆ ಅದು ಸರ್ವರ್ ನೋಡಿಕೊಳ್ಳುವವರ ಕೈಗೆ ಬಂತು. ವಾಯ್ಸ್‌ಮೇಲ್ ಮಾತ್ರ ಕಚೇರಿಯ ಫೋನ್ ಸ್ವಿಚ್ ಆದ ಇಪಿಎಬಿಎಕ್ಸ್ ಪಕ್ಕದಲ್ಲಿ, ತಂತಿ ಎಳೆದು ಲೈನ್ ಪರೀಕ್ಷಿಸುವವರ ಸುಪರ್ದಿನಲ್ಲೇ ಉಳಿಯಿತು. ಹೊಸಬರೊಬ್ಬರು ಕೆಲಸಕ್ಕೆ ಸೇರಿದರೆ ಅವರ ಹೆಸರು ಎರಡು ಕಡೆ ಏರಬೇಕು, ಬಿಟ್ಟು ಹೋದರೆ ಎರಡು ಕಡೆ ಅಳಿಸಬೇಕು.

ಈ ಎರಡರ ನಡುವಿನ ಗೋಡೆ ಒಡೆದದ್ದು 1990ರ ದಶಕದ ಕೊನೆಗೆ. ಸಿಯಾಟಲ್‌ನ ಆಕ್ಟಿವ್ ವಾಯ್ಸ್ ಕಂಪನಿ ರೂಪಿಸಿದ, 2000ರಲ್ಲಿ ಜಾಲೋಪಕರಣಗಳ ಕಂಪನಿ ಸಿಸ್ಕೊ ಕೊಳ್ಳುವುದಾಗಿ ಪ್ರಕಟಿಸಿದ ಯೂನಿಟಿ ತಂತ್ರಾಂಶ, ಧ್ವನಿ ಸಂದೇಶವನ್ನು ಇಮೇಲ್ ಸರ್ವರ್ ಆದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ ಇಮೇಲ್‌ಗಳ ನಡುವೆಯೇ ಇಡುತ್ತಿತ್ತು. ಬಳಸುವವರಿಗೆ ಇದು ದೊಡ್ಡ ಅನುಕೂಲ. ನಿರ್ವಹಿಸುವವರಿಗೆ ಮಾತ್ರ ಹೊಸ ವಿದ್ಯಾಭ್ಯಾಸ.

ಫೋನಿನವರು ಬಳಕೆದಾರರ ಖಾತೆಗಳನ್ನು ಇಡುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಕಲಿತರು. ಯೂನಿಟಿ ಹಾಕಬೇಕಾದರೆ ಡೈರೆಕ್ಟರಿಯ ರಚನೆಯನ್ನೇ ವಿಸ್ತರಿಸಬೇಕಿತ್ತು. ಅದು ಸುಲಭಕ್ಕೆ ಹಿಂದೆ ಸರಿಸಲಾಗದ ಬದಲಾವಣೆ. ಇಮೇಲ್ ತಂಡದವರು ಒಪ್ಪಲು ಹಿಂಜರಿದದ್ದು ಸಹಜವೇ. ಸರ್ವರಿನವರು ಕಲಿತದ್ದು ಇನ್ನೂ ವಿಚಿತ್ರ ಲೋಕ: ಕೀಲಿ ಒತ್ತಿದಾಗ ಹುಟ್ಟುವ ಸ್ವರ, ಸ್ವಾಗತದ ಮಾತು, ಕರೆ ಯಾವ ದಾರಿಯಲ್ಲಿ ತಿರುಗಬೇಕೆಂಬ ನಿಯಮ. ಫೋನಿನ ಮೇಲಿನ ಕೆಂಪು ದೀಪವೊಂದನ್ನೇ ನೋಡಿ. ಸಂದೇಶವನ್ನು ಇಮೇಲ್‌ನಲ್ಲಿ ಕೇಳಿ ಮುಗಿಸಿದರೆ ಮೇಜಿನ ಮೇಲಿನ ದೀಪ ಆರಬೇಕು. ಆರದಿದ್ದರೆ ತಪ್ಪು ಮೇಲ್ ಸರ್ವರಿನದೋ, ಯೂನಿಟಿಯದೋ, ಫೋನ್ ಸ್ವಿಚ್ಚಿನದೋ ಎಂದು ಪತ್ತೆ ಹಚ್ಚಲು ಮೂರರ ಒಳಗೂ ತಿಳಿದವರು ಬೇಕು.

ಜಾಗದ ಲೆಕ್ಕವೂ ಹೊಸದು. ದನಿಯನ್ನು ಅಂಕಿಗಳಾಗಿಸುವ ಜಿ.711 ವಿಧಾನದಲ್ಲಿ ಒಂದು ನಿಮಿಷದ ಮಾತಿಗೆ ಸುಮಾರು 480 ಕೆಬಿ ಬೇಕು, ಜಿ.729ರಲ್ಲಿ 60 ಕೆಬಿ ಸಾಕು, ಆದರೆ ದನಿ ಕೊಂಚ ಸೊರಗುತ್ತದೆ. ಇಮೇಲ್ ಸರ್ವರ್ ನಿಂತರೆ ಕರೆಗಳೂ ನಿಲ್ಲುವಂತಿಲ್ಲ. ಹಾಗಾಗಿ ಯೂನಿಟಿ ಆ ಹೊತ್ತಿನ ಸಂದೇಶಗಳನ್ನು ತನ್ನಲ್ಲೇ ಹಿಡಿದಿಟ್ಟು ಆಮೇಲೆ ಎಕ್ಸ್‌ಚೇಂಜ್‌ಗೆ ಒಪ್ಪಿಸುತ್ತಿತ್ತು. ಸಂದೇಶ ಕೇಳಲು ಒತ್ತುವ ಗುಪ್ತ ಸಂಖ್ಯೆ (ಪಿನ್) ದುರ್ಬಲವಾಗಿದ್ದರೆ ಅಪಾಯ ಬೇರೆಯದೇ: ಹೊರಗಿನವರು ವಾಯ್ಸ್‌ಮೇಲ್ ಮೂಲಕ ನುಸುಳಿ ವಿದೇಶಕ್ಕೆ ಕರೆ ಮಾಡಿ ಬಿಲ್ಲನ್ನು ಕಂಪನಿಯ ತಲೆಗೆ ಕಟ್ಟುತ್ತಿದ್ದರು.

ಭಾರತದಲ್ಲಿ ಇದರ ಜೊತೆ ಕಾನೂನನ್ನೂ ಓದಿಕೊಳ್ಳಬೇಕಾಯಿತು. ಸಾರ್ವಜನಿಕರಿಗೆ ಇಂಥ ಸೇವೆ ಒದಗಿಸಲು ಲೈಸೆನ್ಸ್ ಬೇಕಿತ್ತು; ದೂರಸಂಪರ್ಕ ಇಲಾಖೆ 2001ರಲ್ಲಿ ತನ್ನ ವಾಯ್ಸ್‌ಮೇಲ್ ನೀತಿಗೆ ಧ್ವನಿ, ಇಮೇಲ್‌ಗಳನ್ನು ಒಂದೇ ಕಡೆ ತರುವ ಯೂನಿಫೈಡ್ ಮೆಸೇಜಿಂಗನ್ನೂ ಸೇರಿಸಿತು. ಕಂಪನಿಯೊಳಗಿನ ಐಪಿ ಜಾಲದ ಕರೆಯನ್ನು ಸಾರ್ವಜನಿಕ ಜಾಲಕ್ಕೆ ಜೋಡಿಸಿ ಎಸ್‌ಟಿಡಿ, ಐಎಸ್‌ಡಿ ಶುಲ್ಕ ತಪ್ಪಿಸುವುದಕ್ಕೂ ನಿರ್ಬಂಧವಿತ್ತು. ಅಮೆರಿಕದ ಕಚೇರಿಯಲ್ಲಿ ಸಲೀಸಾಗಿ ನಡೆಯುವ ಜೋಡಣೆಯನ್ನು ಬೆಂಗಳೂರಿನ ಕಚೇರಿಯಲ್ಲಿ ಹಾಗೇ ನಕಲು ಮಾಡುವಂತಿರಲಿಲ್ಲ. ಸಿಸ್ಕೊ ತನ್ನ ಕರೆ ನಿರ್ವಹಣಾ ತಂತ್ರಾಂಶದಲ್ಲಿ ಈ ನಿಯಮಕ್ಕೆಂದೇ ಪ್ರತ್ಯೇಕ ಏರ್ಪಾಡು ಮಾಡಬೇಕಾಯಿತು.

ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2007ರೊಳಗೇ ವಾಯ್ಸ್‌ಮೇಲ್ ತಂದಿತು, 2019ರ ಆವೃತ್ತಿಯಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಕೋಕಾ-ಕೋಲಾ 2014ರಲ್ಲೇ ತನ್ನ ಅಟ್ಲಾಂಟಾ ಮುಖ್ಯ ಕಚೇರಿಯ ವಾಯ್ಸ್‌ಮೇಲ್ ನಿಲ್ಲಿಸಿತ್ತು. ಸಿಸ್ಕೊದ ಯೂನಿಟಿ ಕನೆಕ್ಷನ್ ಲಿನಕ್ಸ್‌ಗೆ ಬದಲಾಗಿ, ಧ್ವನಿಯನ್ನು ತನ್ನಲ್ಲೇ ಇಟ್ಟುಕೊಂಡು ಇಮೇಲ್ ಜೊತೆ ಹೊಂದಿಸುವ ದಾರಿ ಹಿಡಿಯಿತು. ಒಂದರ ಕಾಯಿಲೆ ಇನ್ನೊಂದಕ್ಕೆ ತಗಲದ ಆ ದಾರಿಯೇ ಹೆಚ್ಚು ವಿವೇಕದ್ದು.

ಪೇಟೆಂಟ್ ಪಡೆದವರ ಹೆಸರು ಇತಿಹಾಸದಲ್ಲಿದೆ. ದೀಪ ಯಾಕೆ ಆರಲಿಲ್ಲವೆಂದು ರಾತ್ರಿಯಿಡೀ ಹುಡುಕಿದವರ ಅನುಭವ ದಾಖಲಾದದ್ದು ಕಡಿಮೆ. ಬೆಂಗಳೂರಿನಲ್ಲಿ ಆ ಕೆಲಸ ಮಾಡಿದ ಅನೇಕರು ಈಗಿನ್ನೂ ನಡುವಯಸ್ಸಿನವರು. ಅವರು ಅದನ್ನು ಕನ್ನಡದಲ್ಲಿ ಬರೆದಿಡಬೇಕು.