ಮಾರಿಸ್ ಮೈನರ್ ಕಾರಿನ ನಿರ್ವಹಣೆ ಮತ್ತು ಜೀರ್ಣೋದ್ಧಾರ

ಮಾರಿಸ್ ಮೈನರ್ ಇಂಗ್ಲೆಂಡಿನಲ್ಲಿ 1948ರಿಂದ 1970ರ ದಶಕದ ಆರಂಭದವರೆಗೆ ತಯಾರಾದ ಒಂದು ಸಣ್ಣ ಕಾರು. ಒಟ್ಟು ಹದಿನಾರು ಲಕ್ಷಕ್ಕೂ ಹೆಚ್ಚು ಕಾರುಗಳು ನಿರ್ಮಾಣವಾದವು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ಇದರ ಯಂತ್ರರಚನೆ ಸರಳವಾದುದು. ಬಿಡಿಭಾಗಗಳು ಬ್ರಿಟನ್ನಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಆದ್ದರಿಂದ ಹಳೆಯ ಕಾರನ್ನು ಮನೆಯಲ್ಲಿಯೇ ದುರಸ್ತಿ ಮಾಡಿ ಉಳಿಸಿಕೊಳ್ಳಬಯಸುವ ಹವ್ಯಾಸಿಗಳು ಮೊದಲು ಆಯ್ದುಕೊಳ್ಳುವ ಕಾರುಗಳಲ್ಲಿ ಇದೂ ಒಂದು. ಕೆಟ್ಟ ಎಂಜಿನ್ನನ್ನು ಸರಿಪಡಿಸುವುದು ಅಥವಾ ಬದಲಾಯಿಸುವುದು ಕಷ್ಟವಲ್ಲ. ಈ ಕಾರಿನ ಆಯುಸ್ಸನ್ನು ನಿರ್ಧರಿಸುವುದು ಕಣ್ಣಿಗೆ ಬೀಳದ ತಳಭಾಗದ ಉಕ್ಕು ಮತ್ತು ಕಾಲಕಾಲಕ್ಕೆ ಹಾಕಬೇಕಾದ ಗ್ರೀಸ್.

ಹಿನ್ನೆಲೆ

ಈ ಕಾರಿನ ವಿನ್ಯಾಸಕಾರ ಅಲೆಕ್ ಇಸಿಗೊನಿಸ್. ಮುಂದೆ 1959ರಲ್ಲಿ ಬಂದ ಪ್ರಸಿದ್ಧ ಮಿನಿ ಕಾರನ್ನು ರೂಪಿಸಿದವರೂ ಇವರೇ. ಮೈನರ್ 1948ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಬೆಳಕಿಗೆ ಬಂದಿತು. ತಯಾರಿಕೆ ಆರಂಭವಾಗುವ ಮೊದಲು, ಕಾರು ತೀರ ಕಿರಿದಾಗಿ ಕಾಣುತ್ತದೆಂದು ಇಸಿಗೊನಿಸ್ ಮಾದರಿ ಕಾರನ್ನು ಉದ್ದುದ್ದಕ್ಕೆ ಎರಡಾಗಿ ಕತ್ತರಿಸಿ, ನಡುವೆ 4 ಅಂಗುಲ ಅಂತರ ಸೇರಿಸಿದರು. ಬಾನೆಟ್ಟಿನ ಮಧ್ಯದಲ್ಲಿರುವ ಚಪ್ಪಟೆ ಪಟ್ಟಿ ಆ ಬದಲಾವಣೆಯ ಗುರುತು. ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದುದರಿಂದ, ಮೊದಲ ಕಾರುಗಳ ಬಂಪರಿನ ನಡುವೆ ಒಂದು ತುಂಡನ್ನು ಸೇರಿಸಲಾಗಿತ್ತು.

ಮಾದರಿಯನ್ನು ಗುರುತಿಸುವುದು

ಬಿಡಿಭಾಗಗಳನ್ನು ತರಿಸುವ ಮೊದಲು ಕಾರು ಯಾವ ಕಾಲದ್ದೆಂದು ತಿಳಿಯಬೇಕು. ಹೆಡ್‌ಲೈಟುಗಳು ಮುಂಭಾಗದ ಗ್ರಿಲ್‌ನಲ್ಲಿ ಕೆಳಗಿದ್ದರೆ ಅದು ಮೊದಲ ವರ್ಷಗಳ ಕಾರು. 1950ರ ದಶಕದ ಆರಂಭದಲ್ಲಿ ಅವು ಮಡ್‌ಗಾರ್ಡುಗಳ ಮೇಲಕ್ಕೆ ಹೋದವು. ಮುಂದಿನ ಗಾಜು ಎರಡು ಭಾಗವಾಗಿದ್ದರೆ ಅದು 1956ಕ್ಕಿಂತ ಹಿಂದಿನ ರೂಪ. ಎಂಜಿನ್ನಿನ ಗಾತ್ರವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ:

1948: 918 ಸಿಸಿ, ಸೈಡ್ ವಾಲ್ವ್ ಎಂಜಿನ್
1952: 803 ಸಿಸಿ, ಎ-ಸೀರೀಸ್ ಎಂಜಿನ್
1956: 948 ಸಿಸಿ (ಮೈನರ್ 1000)
1962: 1098 ಸಿಸಿ

ಎರಡು ಬಾಗಿಲಿನ ಮತ್ತು ನಾಲ್ಕು ಬಾಗಿಲಿನ ಸಲೂನ್, ಮಡಿಸುವ ಮೇಲ್ಛಾವಣಿಯ ಕಾರು, ವ್ಯಾನ್, ಪಿಕಪ್ ಹಾಗೂ ಹಿಂಭಾಗದಲ್ಲಿ ಮರದ ಚೌಕಟ್ಟುಳ್ಳ ಟ್ರಾವೆಲರ್ ಎಂಬ ರೂಪಗಳಿವೆ.

ಒಡಲಿನ ರಚನೆ ಮತ್ತು ತುಕ್ಕು

ಮೈನರ್ ಸಲೂನಿಗೆ ಲಾರಿಗಿರುವಂತಹ ಪ್ರತ್ಯೇಕ ಚಾಸಿಸ್ ಇಲ್ಲ. ತಗಡುಗಳನ್ನು ಬೆಸೆದು ಮಾಡಿದ ಒಡಲೇ ಇಡೀ ಭಾರವನ್ನು ಹೊರುತ್ತದೆ. ಆದ್ದರಿಂದ ತುಕ್ಕು ಇಲ್ಲಿ ಕೇವಲ ಅಂದದ ಪ್ರಶ್ನೆಯಲ್ಲ, ಕಾರಿನ ಬಲದ ಪ್ರಶ್ನೆ.

ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳನ್ನು ಬೋಲ್ಟ್‌ಗಳಿಂದ ಜೋಡಿಸಿರುವ ಕಾರಣ, ಅವು ತುಕ್ಕು ಹಿಡಿದರೆ ಕಳಚಿ ಹೊಸದನ್ನು ಹಾಕಬಹುದು. ನಿಜವಾದ ಅಪಾಯವಿರುವುದು ಕೆಳಗೆ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಅಂಚುಗಳು, ಮುಂದಿನ ಆಸನಗಳ ಕೆಳಗೆ ಹಾಯುವ ಅಡ್ಡತೊಲೆ, ಜಾಕ್ ಕೊಡುವ ಸ್ಥಳಗಳು, ಎಂಜಿನ್ನಿನ ಎರಡೂ ಪಕ್ಕದ ಚಾಸಿಸ್ ಕಾಲುಗಳು ಹಾಗೂ ಹಿಂದಿನ ಪ್ಲೇಟ್ ಸ್ಪ್ರಿಂಗುಗಳ ಹಿಡಿಕೆಗಳು ಪ್ರಮುಖವಾಗಿ ಪರೀಕ್ಷಿಸಬೇಕಾದ ಜಾಗಗಳು. ಮುಂದಿನ ಚಕ್ರಗಳ ಭಾರ ಹೊರುವ ತಿರುಚು ಸರಳುಗಳ ಹಿಂದಿನ ತುದಿ ಆ ಅಡ್ಡತೊಲೆಗೇ ಕಟ್ಟಲ್ಪಟ್ಟಿದೆ. ತೊಲೆ ಕ್ಷಯಿಸಿದರೆ ಸಸ್ಪೆನ್ಷನ್ನಿನ ಆಧಾರವೇ ತಪ್ಪುತ್ತದೆ.

ಹೊಸ ಬಣ್ಣ ಹಾಗೂ ಪುಟ್ಟಿ ಈ ದೋಷಗಳನ್ನು ಸುಲಭವಾಗಿ ಮರೆಮಾಚುತ್ತವೆ. ಹೊಳೆಯುವ ಕಾರನ್ನು ಕೊಂಡು ತಿಂಗಳೊಳಗೆ ತಳಭಾಗವನ್ನೆಲ್ಲ ಕತ್ತರಿಸಬೇಕಾಗಿ ಬರುವುದು ಈ ಹವ್ಯಾಸದಲ್ಲಿ ಅಪರೂಪವಲ್ಲ. ಆದುದರಿಂದ ಕೊಳ್ಳುವ ಮೊದಲೇ ಕಾರನ್ನು ಎತ್ತಿ, ಕಾಲುಹಾಸನ್ನು ಸರಿಸಿ, ತಳವನ್ನು ಪರೀಕ್ಷಿಸುವುದು ಉಚಿತ. ಅಂದಗೆಟ್ಟಿದ್ದರೂ ತಳ ಗಟ್ಟಿಯಾಗಿರುವ ಕಾರು, ಅಂದವಾಗಿದ್ದು ತಳ ಸವೆದ ಕಾರಿಗಿಂತ ಮೇಲು.

ಟ್ರಾವೆಲರ್ ಮಾದರಿಯ ಹಿಂಭಾಗದಲ್ಲಿ ಕಾಣುವ ಆ್ಯಷ್ ಮರದ ಚೌಕಟ್ಟು ಅಲಂಕಾರಕ್ಕಾಗಿ ಇರುವುದಲ್ಲ. ಅದೂ ಭಾರ ಹೊರುವ ಭಾಗ. ಕೂಡುಗಳಲ್ಲಿ ನೀರು ನಿಂತು ಮರ ಕಪ್ಪಾಗಿ ಮೆತ್ತಗಾದರೆ ಆ ತುಂಡನ್ನು ಬದಲಿಸಬೇಕು. ಮರ ಒಣಗಿರುವಾಗ ವಾರ್ನಿಷ್ ಅಥವಾ ರಕ್ಷಕ ತೈಲ ಬಳಿಯುವುದು ಅದರ ನಿಯತ ಪಾಲನೆ.

ಜೀರ್ಣೋದ್ಧಾರದ ಕ್ರಮ

ಕಳಚುವ ಮೊದಲು ಪ್ರತಿ ಭಾಗದ ಚಿತ್ರ ತೆಗೆದು, ಬೋಲ್ಟ್‌ಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಇಡುವುದು ವಾಡಿಕೆ. ಎಷ್ಟೋ ಕಾರುಗಳು ಪೂರ್ತಿ ಕಳಚಲ್ಪಟ್ಟು ಮತ್ತೆ ಕೂಡಿಕೊಳ್ಳದೆ ಉಳಿಯುವುದು ಈ ಶಿಸ್ತಿನ ಕೊರತೆಯಿಂದಲೇ.

ವೆಲ್ಡಿಂಗ್ ಕೆಲಸಕ್ಕೆ ಮೊದಲು ಬ್ಯಾಟರಿ ಸಂಪರ್ಕ ತಪ್ಪಿಸಿ, ಡಿಕ್ಕಿಯ ಕೆಳಗಿರುವ ಪೆಟ್ರೋಲ್ ಟ್ಯಾಂಕನ್ನು ಇಳಿಸಬೇಕು. ತುಕ್ಕು ಹಿಡಿದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆಯಬೇಕು. ಹಳೆಯ ತುಕ್ಕಿನ ಮೇಲೆ ತೇಪೆ ಹಾಕಿದರೆ ಒಳಗಿನ ಕೊಳೆತ ಮುಂದುವರಿಯುತ್ತದೆ. ಎರಡೂ ಪಕ್ಕದ ಅಂಚುಗಳನ್ನು ಒಟ್ಟಿಗೆ ಕತ್ತರಿಸಿದರೆ ಒಡಲು ನಡುವೆ ಬಾಗಿ, ಬಾಗಿಲುಗಳು ಮುಚ್ಚದಂತಾಗುತ್ತವೆ. ಹೀಗಾಗಿ ಒಂದು ಪಕ್ಕ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು, ಬಾಗಿಲ ಸಂದುಗಳನ್ನು ಆಗಾಗ ಅಳೆಯುವುದು ಅಗತ್ಯ. ಮೇಲ್ಛಾವಣಿ ಇಲ್ಲದ ಮಾದರಿಯಲ್ಲಿ ಬಾಗಿಲ ಚೌಕಟ್ಟಿಗೆ ಅಡ್ಡಕಂಬಿ ಬೆಸೆದು ಆಧಾರ ಕೊಡಲಾಗುತ್ತದೆ. ಬೆಸುಗೆಯ ಅನುಭವವಿಲ್ಲದವರು ಭಾರ ಹೊರುವ ಭಾಗಗಳನ್ನು ನುರಿತವರಿಗೆ ಒಪ್ಪಿಸುವುದು ಲೇಸು. ಕೊನೆಯಲ್ಲಿ ಪೆಟ್ಟಿಗೆಯಾಕಾರದ ಭಾಗಗಳ ಒಳಕ್ಕೆ ಮೇಣದಂತಹ ತುಕ್ಕುನಿರೋಧಕವನ್ನು ಸಿಂಪಡಿಸುತ್ತಾರೆ.

ಮುಂದಿನ ಸಸ್ಪೆನ್ಷನ್ ಮತ್ತು ಗ್ರೀಸ್

ಮುಂದಿನ ಪ್ರತಿ ಚಕ್ರವೂ ಮೇಲೆ ಕೆಳಗೆ ಒಂದೊಂದು ಟ್ರನಿಯನ್ ಎಂಬ ಮರೆಯುಳ್ಳ ಕೂಡಿನ ಮೇಲೆ ತಿರುಗುತ್ತದೆ. ಗ್ರೀಸ್ ಒಣಗಿ ನೀರು ಸೇರಿದರೆ ಮರೆಗಳು ಸವೆಯುತ್ತವೆ. ಸವೆತ ಮಿತಿಮೀರಿದಾಗ ಕೆಳಗಿನ ಕೂಡು ಕಳಚಿ, ಚಕ್ರ ಮಡ್‌ಗಾರ್ಡಿನ ಕೆಳಗೆ ಮಡಚಿಕೊಂಡು ಕಾರು ಕುಸಿಯುತ್ತದೆ. ಈ ಕಾರಿನ ಅತ್ಯಂತ ಪ್ರಸಿದ್ಧ ದೋಷವಿದು. ಇದನ್ನು ತಡೆಯಲು ಬೇಕಾದದ್ದು ಒಂದು ಗ್ರೀಸ್ ಗನ್ ಮತ್ತು ಕೆಲವು ನಿಮಿಷಗಳ ಸಮಯ ಮಾತ್ರ. ಸುಮಾರು 3,000 ಮೈಲಿಗೆ (4,800 ಕಿ.ಮೀ.) ಒಮ್ಮೆ, ಕಾರು ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆಯಾದರೂ, ಚಕ್ರಗಳನ್ನು ನೆಲದಿಂದ ಎತ್ತಿ ಹೊಸ ಗ್ರೀಸ್ ಹೊರಕಾಣುವವರೆಗೆ ತುಂಬುವುದು ರೂಢಿ.

ಎಂಜಿನ್ ಮತ್ತು ಇಂಧನ

948 ಮತ್ತು 1098 ಸಿಸಿ ಎಂಜಿನ್ನುಗಳ ನಿಯತ ಹೊಂದಾಣಿಕೆಗೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜ್ ಸಾಕು. ಎಂಜಿನ್ ತಣ್ಣಗಿರುವಾಗ ವಾಲ್ವಿನ ಅಂತರ 0.012 ಅಂಗುಲ (0.30 ಮಿ.ಮೀ.), ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಅಂತರ ಸುಮಾರು 0.015 ಅಂಗುಲ (0.38 ಮಿ.ಮೀ.), ಸ್ಪಾರ್ಕ್ ಪ್ಲಗ್ಗಿನ ಅಂತರ 0.025 ಅಂಗುಲ (0.64 ಮಿ.ಮೀ.) ಇರಬೇಕು. ಎಸ್‌ಯು ಕಾರ್ಬ್ಯುರೇಟರಿನ ಮೇಲ್ಭಾಗದ ಕೊಳವೆಯಲ್ಲಿ ತೆಳು ಎಣ್ಣೆ ಕಡಿಮೆಯಾದರೆ, ವೇಗ ಹೆಚ್ಚಿಸುವಾಗ ಕಾರು ತಡವರಿಸುತ್ತದೆ.

ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಪೀಠದ ಸವೆತವನ್ನು ತಡೆಯುತ್ತಿತ್ತು. ಬ್ರಿಟನ್ನಿನಲ್ಲಿ ಸೀಸಯುಕ್ತ ಪೆಟ್ರೋಲಿನ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಿತು. ಆ ಬಳಿಕ ಎಂಜಿನ್ ಬಿಚ್ಚಿದಾಗ ಗಟ್ಟಿ ಲೋಹದ ಪೀಠಗಳನ್ನು ಕೂರಿಸುವುದು, ಅಲ್ಲಿಯವರೆಗೆ ಇಂಧನಕ್ಕೆ ರಕ್ಷಕ ದ್ರವ ಬೆರೆಸುವುದು ರೂಢಿಯಾಯಿತು. ಎಥನಾಲ್ ಮಿಶ್ರಿತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುವುದರಿಂದ, ಅದನ್ನು ತಾಳಿಕೊಳ್ಳುವ ಪೈಪುಗಳನ್ನು ಹಾಕಬೇಕಾಗುತ್ತದೆ.

ಬ್ರೇಕ್ ಮತ್ತು ವಿದ್ಯುತ್

ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಚಾಸಿಸ್ ಕಾಲಿನೊಳಗೆ ಅಡಗಿರುವುದರಿಂದ ಅದನ್ನು ಬಿಚ್ಚುವುದು ತ್ರಾಸದಾಯಕ. ಬ್ರೇಕ್ ಆಯಿಲಿನ ಮಟ್ಟ ನೋಡುವುದನ್ನು ಅನೇಕರು ಮರೆಯುವುದೂ ಅದರಿಂದಲೇ. ಈ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರಬಹುದಾದ ಕಾರಣ, ಡ್ರಮ್ಮಿನ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಮೂಲ ವಿದ್ಯುತ್ ವ್ಯವಸ್ಥೆಯಲ್ಲಿ ಬ್ಯಾಟರಿಯ ಧನ ತುದಿ ಒಡಲಿಗೆ ಸೇರಿರುತ್ತದೆ. ಇಂದಿನ ಕಾರುಗಳಲ್ಲಿ ಇದು ವಿರುದ್ಧ. ಇದನ್ನು ಗಮನಿಸದೆ ಹೊಸ ಎಲೆಕ್ಟ್ರಾನಿಕ್ ಉಪಕರಣ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.

ಕಾರಿನ ಕೆಳಗೆ ಕೆಲಸ ಮಾಡುವಾಗ ಜಾಕ್ ಒಂದನ್ನೇ ನಂಬಬಾರದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟ ನಂತರವೇ ಕೆಳಗೆ ಇಳಿಯಬೇಕು.

ಮೂಲರೂಪವೇ, ಮಾರ್ಪಾಡೇ

ಕಾರು ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆನ್ನುವುದು ಒಂದು ಪಕ್ಷ. ಇಂದಿನ ಸಂಚಾರಕ್ಕೆ ತಕ್ಕಂತೆ ಡಿಸ್ಕ್ ಬ್ರೇಕ್, ಆಲ್ಟರ್ನೇಟರ್, ಸೀಟ್ ಬೆಲ್ಟ್ ಅಳವಡಿಸಬೇಕೆನ್ನುವುದು ಇನ್ನೊಂದು. ಕತ್ತರಿಸದೆ ಜೋಡಿಸಿ, ಬೇಕೆಂದಾಗ ತೆಗೆಯಬಹುದಾದ ಮಾರ್ಪಾಡುಗಳನ್ನು ಎರಡೂ ಪಕ್ಷದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಪರೂಪದ ಕಾರುಗಳ ವಿಷಯದಲ್ಲಿ ಮೂಲರೂಪಕ್ಕೆ ಹೆಚ್ಚು ಬೆಲೆ. ಹತ್ತು ಲಕ್ಷದ ಗುರಿ ಮುಟ್ಟಿದ ನೆನಪಿಗೆ ತಿಳಿನೇರಳೆ ಬಣ್ಣದಲ್ಲಿ ತಯಾರಿಸಿದ 350 ಕಾರುಗಳು ಇದಕ್ಕೆ ನಿದರ್ಶನ.

ಗ್ರೇಟ್ ಬ್ರಿಟನ್ನಿನಲ್ಲಿ 2018ರ ಮೇ 20ರಿಂದ, 40 ವರ್ಷ ಮೀರಿದ ಹಾಗೂ ಗಣನೀಯವಾಗಿ ಮಾರ್ಪಡದ ಕಾರುಗಳಿಗೆ ವಾರ್ಷಿಕ ಸುಸ್ಥಿತಿ ಪರೀಕ್ಷೆ ಕಡ್ಡಾಯವಲ್ಲ. ಆದರೆ ಕಾರನ್ನು ಸುರಕ್ಷಿತವಾಗಿ ಇಡುವ ಹೊಣೆ ಮಾಲೀಕನ ಮೇಲೆಯೇ ಇದೆ. ಆದ್ದರಿಂದ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸುವವರೂ ಇದ್ದಾರೆ.

ಭಾರತದಲ್ಲಿ

ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಮೈನರ್ ಆಧಾರಿತ ಕಾರನ್ನು ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿತು. ಅದೇ ಸಂಸ್ಥೆಯ ಅಂಬಾಸಡರ್ ಕಾರು ಮೈನರಿನ ಹಿರಿಯ ಬಂಧುವಾದ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದುದು; ಅದರ ತಯಾರಿಕೆ 2014ರಲ್ಲಿ ನಿಂತಿತು. ಮುಂದಿನ ತಿರುಚು ಸರಳಿನ ಸಸ್ಪೆನ್ಷನ್ ಎರಡರಲ್ಲೂ ಇರುವುದರಿಂದ, ಅಂಬಾಸಡರ್ ಬಲ್ಲ ಮೆಕ್ಯಾನಿಕ್ಕಿಗೆ ಮೈನರ್ ತೀರ ಅಪರಿಚಿತವೆನಿಸದು. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದಿರುವ ವಾಹನಗಳನ್ನು ‘ವಿಎ’ ಅಕ್ಷರಗಳ ವಿಂಟೇಜ್ ಶ್ರೇಣಿಯಲ್ಲಿ ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ.