ತಿರುಗಿ ಬರ್ತೀಯಾ? ವೀಸಾ ಕೇಳುವ ಹಳೆಯ ಪ್ರಶ್ನೆ, ನಮ್ಮ ಕಡಲತೀರದ ಕಥೆ

ಗೋಕರ್ಣದ ಓಂ ಬೀಚಿನಿಂದ ಸರಿಯಾಗಿ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಸಮುದ್ರ ದಾಟಿ ಯೆಮೆನ್ ದೇಶದ ದಡ ಮುಟ್ಟುತ್ತದೆ. ನಡುವೆ ನೀರು ಬಿಟ್ಟರೆ ಬೇರೇನೂ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಜನ ಸಾವಿರ ವರ್ಷಕ್ಕೂ ಹಿಂದಿನಿಂದ ಈ ನೀರಿನ ಮೇಲೆ ಹೋಗಿ ಬಂದು ಮಾಡಿದವರು. ಇವತ್ತು ಅದೇ ನೀರನ್ನು ದಾಟಬೇಕಾದರೆ ಮೊದಲು ಕಾಗದ ಬೇಕು.

ಚಳಿಗಾಲದಲ್ಲಿ ಓಂ ಬೀಚಿಗೆ ಇಸ್ರೇಲ್, ರಷ್ಯಾ, ಜರ್ಮನಿ, ಇಂಗ್ಲೆಂಡಿನ ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಕೂತು ಫೋನಿನಲ್ಲಿ ಫಾರ್ಮ್ ತುಂಬಿ ಇ-ವೀಸಾ ಪಡೆದವರು. ಅವರಿಗೆ ಚಹಾ ಕೊಡುವ ನಮ್ಮ ಹುಡುಗನನ್ನು ಅವರಲ್ಲೊಬ್ಬರು ‘ಹದಿನೈದು ದಿನ ನಮ್ಮೂರಿಗೆ ಬಾ’ ಎಂದು ಕರೆದರು ಅಂದುಕೊಳ್ಳಿ. ಅವನು ಬೆರಳಚ್ಚು ಕೊಡಲು ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ತಿರುಗಿ ಬರುವ ಟಿಕೆಟ್, ಉಳಿಯುವ ಜಾಗದ ವಿವರ ಕೊಡಬೇಕು. ಮನೆಯ ಹೆಸರಲ್ಲಿ ಜಮೀನಿದ್ದರೆ ಪಹಣಿಯನ್ನೂ ಲಗತ್ತಿಸುತ್ತಾರೆ.

ಇಷ್ಟೊಂದು ಕಾಗದದ ಹಿಂದೆ ಇರುವುದು ಮುಖ್ಯವಾಗಿ ಒಂದೇ ಪ್ರಶ್ನೆ: ನೀನು ತಿರುಗಿ ಹೋಗುತ್ತೀಯಾ?

ಈ ಪ್ರಶ್ನೆ ಯಾವಾಗಲೂ ಹೀಗೇ ಇರಲಿಲ್ಲ. ಒಂದು ಕಾಲದಲ್ಲಿ ಇದು ಪೂರ್ತಿ ತಲೆಕೆಳಗಾಗಿತ್ತು.

‘ಇಲ್ಲೇ ಉಳಿಯುತ್ತೇನೆ’ ಎಂದು ಬರೆದುಕೊಡು

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. 1333ರಲ್ಲಿ ಅವನು ಸಿಂಧೂ ನದಿ ಮುಟ್ಟಿದ. ಹೊಸಬರು ಬಂದ ಸುದ್ದಿಯನ್ನು ಅಲ್ಲಿನ ಅಧಿಕಾರಿಗಳು ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನಿಗೆ ಬರೆದು ಕಳಿಸಿದರು. ಮುಂದೆ ಮುಲ್ತಾನಿನಲ್ಲಿ ಅವನನ್ನು ಕಾಯಿಸಿ, ಯಾಕೆ ಬಂದೆ ಎಂದು ಕೇಳಿದರು.

ಖುರಾಸಾನ್ ಕಡೆಯಿಂದ ಬರುವವರು ಇಲ್ಲೇ ನೆಲೆಸುವ ಮನಸ್ಸಿದ್ದರೆ ಮಾತ್ರ ಒಳಗೆ ಬರಬೇಕು ಎಂಬುದು ಸುಲ್ತಾನನ ಆಜ್ಞೆಯಾಗಿತ್ತು. ಹೊರನಾಡಿನ ವಿದ್ವಾಂಸರಿಗೆ, ಆಡಳಿತ ಬಲ್ಲವರಿಗೆ ಅವನು ದೊಡ್ಡ ಹುದ್ದೆ ಕೊಡುತ್ತಿದ್ದ. ಅವನಿಗೆ ಬೇಕಾಗಿದ್ದವರು ಉಳಿಯುವವರು. ಇಬ್ನ್ ಬತೂತ ಉಳಿಯಲಿಕ್ಕೇ ಬಂದೆ ಎಂದ. ಖಾಜಿಯನ್ನೂ ಸಾಕ್ಷಿಗಳನ್ನೂ ಕರೆಸಿ ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ಅವನ ಜೊತೆಗೆ ಬಂದವರಲ್ಲಿ ಕೆಲವರು ಹಾಗೆ ಬರೆದುಕೊಡಲು ಒಪ್ಪಲಿಲ್ಲ ಎಂದು ಅವನೇ ಹೇಳಿದ್ದಾನೆ.

ಇದನ್ನು ಇವತ್ತಿನ ಅಮೆರಿಕದ ಕಾನೂನಿನ ಪಕ್ಕ ಇಟ್ಟು ನೋಡಿ. 1952ರಿಂದ ಜಾರಿಯಲ್ಲಿರುವ ಅಲ್ಲಿನ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಕ್ಕೆಂದು ಅರ್ಜಿ ಹಾಕಿದವನನ್ನೂ ಅಲ್ಲೇ ಉಳಿಯಲು ಬರುವವನು ಎಂದೇ ಮೊದಲು ಎಣಿಸುತ್ತಾರೆ. ಹಾಗಲ್ಲ ಎಂದು ತೋರಿಸಿಕೊಡುವುದು ಅರ್ಜಿದಾರನ ಕೆಲಸ. ಅಂದು ಮುಲ್ತಾನಿನಲ್ಲಿ ಉಳಿಯುತ್ತೇನೆ ಎಂದರೆ ಬಾಗಿಲು ತೆರೆಯುತ್ತಿತ್ತು. ಇಂದು ಉಳಿಯಬಹುದು ಎಂಬ ಅನುಮಾನ ಬಂದರೂ ಸಾಕು, ಬಾಗಿಲು ಮುಚ್ಚುತ್ತದೆ.

ಅದೇ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಹೊನ್ನಾವರಕ್ಕೆ ಬಂದ. ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಎಂದು ಬರೆದ. ಇಲ್ಲಿನ ಸುಲ್ತಾನ ಜಮಾಲುದ್ದೀನನ ಹಡಗುಬಲಕ್ಕೆ ಹೆದರಿ ಮಲಬಾರಿನವರು ವರ್ಷವರ್ಷ ಹಣ ಕೊಡುತ್ತಿದ್ದರು ಎಂದೂ ದಾಖಲಿಸಿದ. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಕಳೆದುಕೊಂಡಾಗ ಅವನು ಆಸರೆಗೆ ಬಂದಿದ್ದು ಇದೇ ಹೊನ್ನಾವರಕ್ಕೆ.

ನೂರು ವರ್ಷದ ಬಳಿಕ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ 1444ರಲ್ಲಿ ಊರಿಗೆ ಮರಳಲು ಹಡಗು ಹತ್ತಿದ್ದು ಹೊನ್ನಾವರದಿಂದಲೇ.

ಸಮುದ್ರಕ್ಕೇ ಪರವಾನಗಿ

1498ರಲ್ಲಿ ಪೋರ್ಚುಗೀಸರು ಬಂದರು. ಕೆಲವೇ ವರ್ಷಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಹೊಸ ನಿಯಮ ತಂದರು. ಇಲ್ಲಿ ಓಡಾಡುವ ಹಡಗು ತಮ್ಮಿಂದ ‘ಕಾರ್ತಾಸ್’ ಎಂಬ ಪರವಾನಗಿ ಪತ್ರ ಪಡೆಯಬೇಕು ಎಂದರು. ಹಡಗು ಯಾವುದು, ನಾಯಕ ಯಾರು, ಎಷ್ಟು ಜನ, ಯಾವ ಆಯುಧ, ಎಲ್ಲಿಗೆ ಪ್ರಯಾಣ, ಎಲ್ಲವೂ ಅದರಲ್ಲಿ ಇರಬೇಕಿತ್ತು. ಇವತ್ತಿನ ವೀಸಾ ಫಾರ್ಮಿನ ಪ್ರಶ್ನೆಗಳೂ ಹೆಚ್ಚುಕಮ್ಮಿ ಇವೇ. ಪತ್ರದ ಬೆಲೆ ಸಣ್ಣದು. ಆದರೆ ಹಡಗು ಅವರ ಬಂದರಿಗೆ ಬಂದು ಸುಂಕ ಕಟ್ಟಿ ಹೋಗಬೇಕಿತ್ತು. ಪತ್ರ ಇಲ್ಲದೆ ಸಿಕ್ಕರೆ ಹಡಗು, ಸರಕು ಎರಡೂ ಹೋದಂತೆ.

ಭಟ್ಕಳ ಆಗ ವಿಜಯನಗರಕ್ಕೆ ಕುದುರೆ ಬಂದಿಳಿಯುವ ಬಂದರು. ಹೊರ್ಮುಜ್‌ನಿಂದ ಕುದುರೆ ಬರುತ್ತಿತ್ತು, ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದಾಗ ಭಟ್ಕಳವನ್ನು ಬೆದರಿಸಿ ವರ್ಷವರ್ಷ ಅಕ್ಕಿಯ ಕಪ್ಪ ಕೊಡುವಂತೆ ಒಪ್ಪಿಸಿದ. 1569ರಲ್ಲಿ ಹೊನ್ನಾವರದ ಕೋಟೆಯೂ ಪೋರ್ಚುಗೀಸರ ಕೈ ಸೇರಿತು.

ಮೊಗಲರಿಗೂ ಈ ಪತ್ರ ತಪ್ಪಲಿಲ್ಲ. ಹಜ್‌ಗೆ ಹೋಗುವ ಹಡಗೂ ಕಾರ್ತಾಸ್ ಪಡೆಯಬೇಕಿತ್ತು. ಪತ್ರ ಇದ್ದ ಮಾತ್ರಕ್ಕೆ ರಕ್ಷಣೆ ಎನ್ನುವಂತೆಯೂ ಇರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿಯ ‘ರಹೀಮಿ’ ಹಡಗನ್ನು, ಕಾರ್ತಾಸ್ ಇದ್ದರೂ, ಪೋರ್ಚುಗೀಸರು ಹಿಡಿದೊಯ್ದರು.

ಸುಲ್ತಾನನಿಗೆ ಜನ ಬೇಕಿತ್ತು, ಪೋರ್ಚುಗೀಸರಿಗೆ ಸುಂಕ ಬೇಕಿತ್ತು. ಬಲ ಇದ್ದವನಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ಕಾಗದದ ಮೇಲಿನ ಪ್ರಶ್ನೆ ಬದಲಾಗುತ್ತದೆ.

ಇನ್ನೂರು ಡಾಲರ್ ತೋರಿಸು

ಬ್ಯಾಂಕಿನಲ್ಲಿ ಇಷ್ಟು ಹಣ ಇರಬೇಕು ಎಂಬ ಈಗಿನ ಷರತ್ತಿಗೂ ಒಂದು ಹಿನ್ನೆಲೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತ, ಕೆನಡಾ ಎರಡೂ ಒಂದೇ ಸಾಮ್ರಾಜ್ಯದ ಭಾಗ. ಇಲ್ಲಿನವರು ಅಲ್ಲಿಗೆ ಹೋಗಲು ಅಡ್ಡಿ ಇರಬಾರದಿತ್ತು. ಪಂಜಾಬಿನ ಜನ ಕೆಲಸಕ್ಕೆ ಹೋಗತೊಡಗಿದಾಗ ಕೆನಡಾ 1908ರಲ್ಲಿ ಎರಡು ನಿಯಮ ಮಾಡಿತು. ಒಂದು, ಸ್ವಂತ ದೇಶದಿಂದ ಒಂದೇ ಟಿಕೆಟಿನಲ್ಲಿ, ನಡುವೆ ನಿಲ್ಲದೆ ಬರಬೇಕು. ಎರಡು, ಕೈಯಲ್ಲಿ 200 ಡಾಲರ್ ಇರಬೇಕು. ನಿಯಮದಲ್ಲಿ ಭಾರತದ ಹೆಸರು ಇರಲಿಲ್ಲ. ಆದರೆ ಭಾರತದಿಂದ ಅಲ್ಲಿಗೆ ನೇರ ಹಡಗಿನ ವ್ಯವಸ್ಥೆಯೇ ಇರಲಿಲ್ಲ. ಹೆಸರು ಹೇಳದೆಯೇ ಬಾಗಿಲು ಹಾಕಿದಂತಾಯಿತು.

1914ರ ಮೇ ತಿಂಗಳಲ್ಲಿ ‘ಕೊಮಗಾಟ ಮಾರು’ ಹಡಗು 376 ಭಾರತೀಯರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಬಹುಪಾಲು ಜನರನ್ನು ದಡಕ್ಕೆ ಇಳಿಯಲು ಬಿಡದೆ ಎರಡು ತಿಂಗಳು ಹಡಗಿನಲ್ಲೇ ಇರಿಸಿ ವಾಪಸು ಅಟ್ಟಿದರು. ಕಲ್ಕತ್ತದ ಹತ್ತಿರ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಹಲವರು ಸತ್ತರು. ಇದಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಆ ವೇಳೆಗೆ ಮೊದಲ ಮಹಾಯುದ್ಧ ಶುರುವಾಯಿತು. ಯುದ್ಧಕ್ಕಾಗಿ ತಂದ ಪಾಸ್‌ಪೋರ್ಟ್ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿದ ದೇಶಗಳು 32 ಪುಟದ ಪುಸ್ತಕವೇ ಪಾಸ್‌ಪೋರ್ಟಿನ ಮಾದರಿ ಎಂದು ಒಪ್ಪಿದವು. ಭಾರತದೊಳಗೆ ಬರಲು ಪಾಸ್‌ಪೋರ್ಟ್ ಬೇಕೆಂಬ ಕಾಯಿದೆಯೂ ಅದೇ ವರ್ಷದ್ದು.

ಪಾಸ್‌ಪೋರ್ಟ್ ನಿಮ್ಮ ಹಕ್ಕು, ವೀಸಾ ಅಲ್ಲ

ಈ ಎರಡನ್ನೂ ಹಲವರು ಬೆರೆಸಿ ಮಾತಾಡುತ್ತಾರೆ. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರಕಾರ, ವೀಸಾ ಕೊಡುವುದು ಹೋಗುವ ದೇಶ.

1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಇಷ್ಟವಾಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಆ ಹಕ್ಕನ್ನು ಇನ್ನೂ ಗಟ್ಟಿ ಮಾಡಿತು. ಹಾಗಾಗಿ ಪಾಸ್‌ಪೋರ್ಟ್ ತಡೆದರೆ ಕಾರಣ ಕೇಳಬಹುದು, ನಮ್ಮ ಕೋರ್ಟಿಗೆ ಹೋಗಬಹುದು. ಬೇರೆ ದೇಶ ವೀಸಾ ಕೊಡದಿದ್ದರೆ ನಮ್ಮ ಕೋರ್ಟು ಕೊಡಿಸಲಾರದು.

ಭಟ್ಕಳದ ವಿಸಿಟ್ ವೀಸಾ

ನಮ್ಮ ತಾಲೂಕುಗಳಲ್ಲಿ ವೀಸಾ ಎಂದರೆ ಹೆಚ್ಚಿನ ಮನೆಗಳಿಗೆ ನೆನಪಾಗುವುದು ದುಬೈ. ಭಟ್ಕಳದ ನವಾಯತರಿಗೂ ಅರಬ್ ನಾಡಿಗೂ ಶತಮಾನಗಳ ನಂಟು. ದುಬೈಯಲ್ಲಿ 1966ರವರೆಗೆ ನಡೆಯುತ್ತಿದ್ದದ್ದು ರೂಪಾಯಿಯೇ. ಕೊನೆಯ ಏಳು ವರ್ಷ ಭಾರತ ಅದಕ್ಕೆಂದೇ ‘ಗಲ್ಫ್ ರೂಪಾಯಿ’ ಮುದ್ರಿಸುತ್ತಿತ್ತು. 1971ರ ಡಿಸೆಂಬರಿನಲ್ಲಿ ಯುಎಇ ಹುಟ್ಟಿತು, ಎಣ್ಣೆಯ ಹಣಕ್ಕೆ ಊರುಗಳು ಎದ್ದವು, ಕೈಕೆಲಸಕ್ಕೆ ಜನ ಬೇಕಾದರು.

ಭಾರತ ಸರಕಾರ 1983ರಲ್ಲಿ ವಲಸೆ ಕಾಯಿದೆ ತಂದಿತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ದರ್ಜೆಯದು. ಅಂಥವರು ಗಲ್ಫ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಸರಕಾರದ ಅನುಮತಿ ಪಡೆಯಬೇಕು. ಮೋಸದ ಕೆಲಸಕ್ಕೆ ಜನ ಸಿಕ್ಕಿಬೀಳದಿರಲಿ ಎಂಬುದು ಉದ್ದೇಶ. ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿ ಬೇಡ.

ಕಳ್ಳ ಏಜೆಂಟರು ನುಸುಳುವುದು ಇದೇ ಸಂದಿಯಲ್ಲಿ. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ’ ಎನ್ನುತ್ತಾರೆ. ಹುಡುಗನಿಗೆ ಕೆಲಸದ ಕರಾರು ಇಲ್ಲ, ಸರಕಾರದ ದಾಖಲೆಯಲ್ಲಿ ಅವನು ಕೆಲಸಗಾರನೂ ಅಲ್ಲ. ಸಂಬಳ ಬಾರದಿದ್ದರೆ ದೂರು ಕೊಡಲು ಕೈಯಲ್ಲಿ ಕಾಗದ ಇಲ್ಲ. ವೀಸಾ ದಿನ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ. ಅಲ್ಲಿನ ಸರಕಾರ ಆಗಾಗ ದಂಡ ಮನ್ನಾ ಮಾಡಿ ಊರಿಗೆ ಹೋಗಲು ಬಿಡುತ್ತದೆ. 2018ರಲ್ಲಿ ಹಾಗೆ ಮಾಡಿತು, 2024ರಲ್ಲಿ ಮತ್ತೆ ಮಾಡಿತು. ಅದು ಯಾವಾಗ ಬರುತ್ತದೆಂದು ನಂಬಿ ಕೂರುವಂತಿಲ್ಲ.

ಎರಡು ವರ್ಷದಲ್ಲಿ ಎರಡು ಬಾಗಿಲು

ಇನ್ನು ನಮ್ಮಲ್ಲಿಗೆ ಬರುವವರ ವಿಚಾರ. 1970ರ ದಶಕದಲ್ಲಿ ಗೋವಾಕ್ಕೆ, ಗೋಕರ್ಣಕ್ಕೆ ಜೋಳಿಗೆ ಹಾಕಿಕೊಂಡು ಬಂದ ಬ್ರಿಟಿಷ್ ತರುಣರಿಗೆ ಭಾರತದ ವೀಸಾ ಬೇಕಿರಲಿಲ್ಲ. ಕಾಮನ್‌ವೆಲ್ತ್ ದೇಶದವರೆಂಬ ರಿಯಾಯಿತಿ ಇತ್ತು. ಪಂಜಾಬಿನ ಗಲಭೆಯ ಕಾಲದಲ್ಲಿ, 1984ರಲ್ಲಿ, ಭಾರತ ಆ ರಿಯಾಯಿತಿ ತೆಗೆಯಿತು. ಇಂಗ್ಲೆಂಡಿಗೆ ಭೇಟಿಗೆ ಹೋಗುವ ಭಾರತೀಯರೂ ಮೊದಲೇ ವೀಸಾ ಪಡೆಯಬೇಕೆಂದು ಬ್ರಿಟನ್ ಹೇಳಿದ್ದು 1986ರಲ್ಲಿ.

1990ರ ದಶಕದಲ್ಲಿ ಗೋವಾದ ಗದ್ದಲ ಬೇಡವೆಂದು ಕುಡ್ಲೆ, ಓಂ ಬೀಚುಗಳಿಗೆ ಬಂದವರು ಹೀಗೆ ವೀಸಾ ಹಿಡಿದೇ ಬಂದವರು. 2009ರ ಕೊನೆಗೆ ನಿಯಮ ಇನ್ನೂ ಬಿಗಿಯಾಯಿತು. ಮುಂಬೈ ದಾಳಿಗೆ ಸಂಚು ಹೂಡಿದ ಡೇವಿಡ್ ಹೆಡ್ಲಿ ವೀಸಾ ಪಡೆದು ಪದೇಪದೇ ಬಂದು ಹೋಗಿದ್ದು ಬಯಲಾದ ಮೇಲೆ, ಒಮ್ಮೆ ಹೋದ ಪ್ರವಾಸಿ ಎರಡು ತಿಂಗಳು ಮತ್ತೆ ಬರುವಂತಿಲ್ಲ ಎಂದು ಮಾಡಿದರು. 2012ರಲ್ಲಿ ಬಹುತೇಕ ದೇಶಗಳವರಿಗೆ ಅದನ್ನು ಸಡಿಲಿಸಿದರು. 2014ರ ನವೆಂಬರ್ 27ರಂದು 43 ದೇಶಗಳವರಿಗೆ ಇ-ವೀಸಾ ಶುರುವಾಯಿತು. ಆ ಸೌಲಭ್ಯ ಇದ್ದ ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಗೋವಾವೂ ಒಂದು. ಓಂ ಬೀಚಿಗೆ ಬರುವವರಿಗೆ ಅದೇ ಹತ್ತಿರದ ದಾರಿ.

ಅವರನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಮ್‌ಸ್ಟೇಯವರು ಅವರ ವಿವರದ ಫಾರ್ಮ್ ತುಂಬಬೇಕೆಂದು ಗೋಕರ್ಣದಲ್ಲಿ ರೂಮು ಬಾಡಿಗೆಗೆ ಕೊಡುವವರಿಗೆಲ್ಲ ಗೊತ್ತು. 1920, 1939, 1946ರ ಹಳೆಯ ಕಾಯಿದೆಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ ಬಂದಿದೆ.

ಅರ್ಜಿ ಹಾಕುವವರಿಗೆ

ಯುರೋಪಿನ 29 ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಅದರಲ್ಲಿ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ. ನಿರಾಕರಿಸಿದರೂ ಅದು ವಾಪಸು ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ನಿರಾಕರಿಸಿದರೆ ಕಾರಣ ಗುರುತಿಸಿದ ಪತ್ರ ಕೊಡಲೇಬೇಕು, ಅದರ ಮೇಲೆ ಮೇಲ್ಮನವಿ ಹಾಕಬಹುದು. ಆ ಪತ್ರದಲ್ಲಿ ಅಚ್ಚಾಗಿರುವ ಕಾರಣಗಳಲ್ಲಿ ಒಂದು: ‘ಅವಧಿಯೊಳಗೆ ಹೊರಡುವ ನಿಮ್ಮ ಉದ್ದೇಶದ ಬಗ್ಗೆ ಅನುಮಾನವಿದೆ’ ಎಂಬ ಅರ್ಥದ್ದು.

ಆ ಸಾಲು ಓದಿ ಎಷ್ಟೋ ಮಂದಿ ತಮ್ಮನ್ನು ಕಳ್ಳ ಎಂದಂತೆ ಕುಗ್ಗುತ್ತಾರೆ. ಊರಲ್ಲಿ ಯಾರಿಗೂ ಹೇಳುವುದಿಲ್ಲ. ಏಳುನೂರು ವರ್ಷದ ಕಥೆ ಹೇಳುವುದು ಬೇರೆಯೇ. ಆ ಕಾಗದ ಅಳೆಯುವುದು ನಿಮ್ಮ ಯೋಗ್ಯತೆಯನ್ನಲ್ಲ, ಆ ದೇಶಕ್ಕೆ ಈಗ ಯಾರು ಬೇಕು ಎಂಬುದನ್ನು. ಅವರಿಗೆ ಹಣ ಖರ್ಚು ಮಾಡಿ ಮರಳುವ ಪ್ರವಾಸಿ ಬೇಕು. ನಿಮ್ಮ ನೌಕರಿ, ಗದ್ದೆ, ಅಂಗಡಿ, ಮನೆಯ ಹಿರಿಯರು, ಇವೇ ‘ತಿರುಗಿ ಬರುತ್ತೇನೆ’ ಎಂಬ ಮಾತಿಗೆ ಸಾಕ್ಷಿ. ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಯಾರದೋ ಹಣವನ್ನು ಖಾತೆಗೆ ಹಾಕಿಸಿಕೊಂಡು ಸ್ಟೇಟ್‌ಮೆಂಟ್ ತೆಗೆಸಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳಿಗೂ ಅದೇ ಅಡ್ಡ ಬರುತ್ತದೆ.

ದುಡಿಯಲು ಹೋಗುವುದಾದರೆ ದುಡಿಮೆಯ ವೀಸಾದಲ್ಲೇ ಹೋಗಿ. ನೋಂದಾಯಿತ ಏಜೆಂಟರ ಪಟ್ಟಿ ಸರಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷ ಕೇಳುವವನ ಹತ್ತಿರ ರಸೀದಿ ಕೇಳಿ ನೋಡಿ, ಅವನ ಬಣ್ಣ ಗೊತ್ತಾಗುತ್ತದೆ.

ಮುಲ್ತಾನಿನಲ್ಲಿ ಮುಚ್ಚಳಿಕೆಗೆ ಒಪ್ಪದ ಆ ಕೆಲವರ ಹೆಸರನ್ನು ಇಬ್ನ್ ಬತೂತ ಬರೆದಿಲ್ಲ. ಉಳಿಯುವ ಮನಸ್ಸಿಲ್ಲದೆ ಉಳಿಯುತ್ತೇನೆ ಎಂದು ಅವರು ಬರೆದುಕೊಡಲಿಲ್ಲ. ತಿರುಗಿ ಬರುವ ಯೋಚನೆ ಇಲ್ಲದ ಹುಡುಗನಿಂದ ‘ಬರುತ್ತೇನೆ’ ಎಂದು ಸಹಿ ಹಾಕಿಸುವ ಏಜೆಂಟ್ ನಿಮ್ಮ ಕೇರಿಗೆ ಬಂದಾಗ, ಇದನ್ನು ಮನೆಯವರಿಗೆ ಓದಿ ಹೇಳಿ.