ಹೆಬ್ಬೆಟ್ಟು ಒತ್ತುವ ರೋಗಿಯ ಬದಲು ಮನೆಯವರು ಸಹಿ ಹಾಕಿದರೆ ಸಾಕೇ?

ಹೇಳಿಕೆ: ರೋಗಿಗೆ ಓದು ಬರಹ ಬಾರದಿದ್ದರೆ ಅಥವಾ ವಯಸ್ಸಾಗಿದ್ದರೆ ಗಂಡನೋ ಮಗನೋ ಸಹಿ ಹಾಕಿದರೆ ಸಾಕು, ಆಪರೇಷನ್ ಮಾಡಬಹುದು.

ನಿಜಾಂಶ: ತಪ್ಪು. 18 ವರ್ಷ ತುಂಬಿದ, ವಿಷಯ ತಿಳಿದು ತೀರ್ಮಾನಿಸಬಲ್ಲ ರೋಗಿಯ ಒಪ್ಪಿಗೆಯನ್ನು ರೋಗಿಯೇ ಕೊಡಬೇಕು.

ಇದು ಶಹಾಪುರ, ಸುರಪುರ, ಯಾದಗಿರಿಯ ಜನ ಮುಖ್ಯವಾಗಿ ತಿಳಿಯಬೇಕಾದ ಸಂಗತಿ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕಡಿಮೆ. ಆದರೆ ಓದಲು ಬಾರದಿರುವುದು ಬೇರೆ, ತೀರ್ಮಾನಿಸಲು ಬಾರದಿರುವುದು ಬೇರೆ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಲ್ಯಾಪ್ರೊಸ್ಕೋಪಿ ತಪಾಸಣೆಗೆ ಒಪ್ಪಿದ್ದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ಅಂಡಾಶಯ ತೆಗೆದರು. ತುರ್ತು ಇರಲಿಲ್ಲ, ಎಚ್ಚರವಾದ ಮೇಲೆ ಅವರನ್ನೇ ಕೇಳಬಹುದಿತ್ತು. ತಾಯಿಯ ಒಪ್ಪಿಗೆ ಸಲ್ಲದು ಎಂದು ಕೋರ್ಟ್ 2008ರ ಜನವರಿ 16ರಂದು ತೀರ್ಪು ಕೊಟ್ಟಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದೂ ಹೇಳಿತು.

ನಮ್ಮ ಪಕ್ಕದಲ್ಲೇ ಆದದ್ದು

ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ, ದಲಿತ ಮಹಿಳೆಯರ ಗರ್ಭಚೀಲವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರೆಂದು ಹಲವರು ಹೇಳಿದ್ದರು. ಹೆದರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟು ಕಾಗದದ ಮೇಲಿದ್ದರೂ ಅದು ಒಪ್ಪಿಗೆಯಲ್ಲ.

ತೀರ್ಮಾನಿಸುವ ಶಕ್ತಿ ಇದೆಯೆಂದು ತಿಳಿಯುವುದು ಹೇಗೆ?

ಮಾನಸಿಕ ಚಿಕಿತ್ಸೆಗಾಗಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ವಿವರಿಸಿದೆ. ಬೇರೆ ಚಿಕಿತ್ಸೆಗೂ ಅದೇ ಒಳ್ಳೆಯ ದಾರಿ:

• ಹೇಳಿದ ವಿಷಯ ಅರ್ಥವಾಯಿತೇ?
• ಒಪ್ಪಿದರೆ, ಬಿಟ್ಟರೆ ಏನಾಗಬಹುದೆಂದು ಗೊತ್ತಾಯಿತೇ?
• ತನ್ನ ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ?

ರೋಗಿಯ ತೀರ್ಮಾನ ನಮಗೆ ತಪ್ಪೆನಿಸಿದ ಮಾತ್ರಕ್ಕೆ ಅವರಿಗೆ ಬುದ್ಧಿಯಿಲ್ಲ ಎನ್ನುವಂತಿಲ್ಲ ಎಂದೂ ಈ ಕಾಯ್ದೆ ಹೇಳುತ್ತದೆ. ಜ್ವರದ ಗುಂಗಿನಲ್ಲಿ ಬೆಳಿಗ್ಗೆ ತಿಳಿಯದವರಿಗೆ ಸಂಜೆ ತಿಳಿಯಬಹುದು. ಕಾಯಲು ಆಗುವಂತಿದ್ದರೆ ಮತ್ತೆ ಕೇಳಬೇಕು.

ಬೇರೆಯವರು ಯಾವಾಗ ಒಪ್ಪಬಹುದು?

ಮಕ್ಕಳ ಪರವಾಗಿ ತಂದೆ-ತಾಯಿ ಅಥವಾ ಪೋಷಕರು ಒಪ್ಪುತ್ತಾರೆ. ಅಪಘಾತದಂಥ ತುರ್ತಿನಲ್ಲಿ ಪ್ರಜ್ಞೆ ಇಲ್ಲದವರ ಜೀವ ಉಳಿಸಲು ವೈದ್ಯರು ಯಾರ ಸಹಿಗೂ ಕಾಯಬೇಕಿಲ್ಲ. ಕಾನೂನುಬದ್ಧ ಗರ್ಭಪಾತಕ್ಕೆ 18 ತುಂಬಿದ ಮಹಿಳೆಯ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ.

ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿ

ಏನು ಕಾಯಿಲೆ? ಏನು ತೆಗೆಯುತ್ತೀರಿ? ಅಪಾಯವೇನು? ಔಷಧಿಯಲ್ಲಿ ವಾಸಿಯಾಗದೇ? ಆಪರೇಷನ್ ಬಿಟ್ಟರೆ ಏನಾಗುತ್ತದೆ? ನಿಮಗೆ ತಿಳಿಯುವ ಮಾತಿನಲ್ಲಿ ಫಾರಂ ಓದಿಸಿ. ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು.